ಥಟ್ಟನೆ ಹೇಳಲಾಗದ ಭೂಗೋಳ

‘ಸಾಮಾನ್ಯ ಜ್ಞಾನ’ ಎಂಬ ಮಾತು ಕೇಳಲು ಎಷ್ಟು ಸಾಧುವಾಗಿದೆ! ಎಲ್ಲರಲ್ಲೂ ಇರುವಂಥದ್ದು, ಇರದಿದ್ದರೆ ನಾಚಿಕೊಳ್ಳಬೇಕಾದದ್ದು ಎಂದು ಅರ್ಥ ಮಾಡಿಕೊಳ್ಳುವಂತಿದೆ. ಆದರೆ ಆ ಹೆಸರಿನ ಪುಸ್ತಕ ತೆರೆದು ಪ್ರಪಂಚ ಭೂಗೋಳದ ಪುಟಗಳಿಗೆ ಬಂದರೆ ಸಿಗುವುದೇನು? ಅತಿ ಉದ್ದದ ನದಿ, ಅತಿ ಎತ್ತರದ ಶಿಖರ, ಅತಿ ದೊಡ್ಡ ಮರುಭೂಮಿ, ಅತಿ ಚಿಕ್ಕ ದೇಶ. ಪ್ರಪಂಚವೆಲ್ಲ ಒಂದು ಪೈಲ್ವಾನರ ಅಖಾಡ, ಅಲ್ಲಿ ಗೆದ್ದವರಿಗೆ ಮಾತ್ರ ಜಾಗ. ನಡುವಿನ ನದಿ, ನಡುವಿನ ಗುಡ್ಡ, ನಡುವಿನ ಊರುಗಳಿಗೆ ಅಲ್ಲಿ ಪ್ರವೇಶವಿಲ್ಲ. ಆಮೇಲೆ ದೇಶಗಳು, ರಾಜಧಾನಿಗಳು, ನಾಣ್ಯಗಳ ಪಟ್ಟಿ. ಕಿರಾಣಿ ಚೀಟಿಯಂತೆ ಒಂದರ ಕೆಳಗೊಂದು.

ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರು ಊರುಗಳ ಯಾವ ಬಸ್ ನಿಲ್ದಾಣಕ್ಕೆ ಹೋದರೂ ಪುಸ್ತಕದಂಗಡಿಯ ಮುಂದಿನ ಸಾಲಿನಲ್ಲಿ ಕಾಣುವುದು ಈ ಪುಸ್ತಕಗಳೇ. ಕಾದಂಬರಿಗಳು ಹಿಂದಿನ ಸಾಲಿಗೆ ಸರಿದು ಎಷ್ಟೋ ವರ್ಷಗಳಾದವು. ಇದನ್ನು ಕೊಳ್ಳುವವರಲ್ಲಿ ಹುಡುಗಿಯರು ಬಹಳ. ಮದುವೆಯಾಗಿ ಒಂದು ಮಗುವಾದ ಮೇಲೂ ಅಡುಗೆಮನೆಯ ಕೆಲಸ ಮುಗಿಸಿ ರಾತ್ರಿ ಹತ್ತರ ನಂತರ ಓದುವವರಿದ್ದಾರೆ. ಎಫ್‌ಡಿಎ, ಎಸ್‌ಡಿಎ, ಪಿಡಿಒ, ಶಿಕ್ಷಕಿ, ಪೊಲೀಸ್, ಯಾವ ನೌಕರಿಯ ಹಾದಿಯಲ್ಲೂ ಸಾಮಾನ್ಯ ಜ್ಞಾನದ ಬಾಗಿಲು ಇದ್ದೇ ಇರುತ್ತದೆ. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಭಾಗದವರಿಗೆ ಹುದ್ದೆಗಳಲ್ಲಿ ಮೀಸಲು ಸಿಕ್ಕಿತು. ಆದರೆ ಅಂಕ ಬಂದ ಮೇಲೆಯೇ ಮೀಸಲು. ಅಂದಮೇಲೆ ಈ ಪ್ರಶ್ನೆಗಳನ್ನು ಹೊತ್ತು ಕಳೆಯುವ ಆಟವೆಂದು ತಳ್ಳಿಹಾಕುವಂತಿಲ್ಲ. ಒಬ್ಬ ಹೆಣ್ಣುಮಗಳು ತನ್ನ ದುಡ್ಡಿನಲ್ಲಿ ತಾನು ಬದುಕುತ್ತಾಳೋ ಇಲ್ಲವೋ ಎಂಬುದು ಯಾವುದೋ ದೇಶದ ರಾಜಧಾನಿಯ ಮೇಲೆ ನಿಂತಿರಬಹುದು. ಅದಕ್ಕೇ ಈ ಪ್ರಶ್ನೆಗಳನ್ನೂ ಒಮ್ಮೆ ಪರೀಕ್ಷೆ ಮಾಡಿ ನೋಡಬೇಕೆನ್ನಿಸಿತು. ಅವರು ನಮ್ಮನ್ನು ಪರೀಕ್ಷಿಸಿದ್ದು ಸಾಕಷ್ಟಾಯಿತು.

ಮೊದಲ ಆಕ್ಷೇಪ, ಈ ಪುಸ್ತಕಗಳು ಭೂಮಿ ಕದಲದೆ ಕೂತಿದೆ ಎಂದು ನಂಬಿರುವುದು. ಎವರೆಸ್ಟ್ ಎತ್ತರ 8848 ಮೀಟರ್ ಎಂದು ನಾವು ಬಾಯಿಪಾಠ ಮಾಡಿದ್ದೆವು. 2020ರ ಡಿಸೆಂಬರಿನಲ್ಲಿ ನೇಪಾಳ ಮತ್ತು ಚೀನಾ ಸೇರಿ ಅದನ್ನು 8848.86 ಎಂದು ಸಾರಿದವು. ಜನಸಂಖ್ಯೆಯಲ್ಲಿ ಚೀನಾ ಮೊದಲು ಎಂಬುದು ನಮ್ಮ ಕಾಲದಲ್ಲಿ ಅಲುಗದ ಸತ್ಯ. ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಭಾರತ ಅದನ್ನು ದಾಟಿತು. ಸ್ವಾಜಿಲೆಂಡ್ 2018ರಲ್ಲಿ ಎಸ್ವಾಟಿನಿಯಾಯಿತು. ಕಜಾಕ್‌ಸ್ತಾನದ ರಾಜಧಾನಿ ಅಸ್ತಾನಾ 2019ರಲ್ಲಿ ನೂರ್ ಸುಲ್ತಾನ್ ಆಗಿ, 2022ರಲ್ಲಿ ತವರಿಗೆ ಬಂದ ಮಗಳಂತೆ ಹಳೆಯ ಹೆಸರಿಗೇ ಮರಳಿತು. ಮುಖಪುಟದ ಮೇಲೆ ‘ಪರಿಷ್ಕೃತ ಆವೃತ್ತಿ’ ಎಂದು ಅಚ್ಚಾಗಿದ್ದರೂ ಒಳಗಿನ ಎಷ್ಟೋ ಪುಟಗಳು ಹಳೆಯವೇ. ಬಣ್ಣ ಹೊಸದು, ಗೋಡೆ ಹಳೆಯದು.

ಎರಡನೆಯ ಆಕ್ಷೇಪ ಇನ್ನೂ ದೊಡ್ಡದು. ಹಲವು ಪ್ರಶ್ನೆಗಳಿಗೆ ಒಂದೇ ಉತ್ತರವಿಲ್ಲ, ಆದರೆ ಪುಸ್ತಕ ಒಂದನ್ನೇ ಕೊಡುತ್ತದೆ. ಅತಿ ದೊಡ್ಡ ಮರುಭೂಮಿ ಸಹಾರಾ ಎನ್ನುತ್ತೇವೆ. ಮರುಭೂಮಿ ಎಂದರೆ ಮಳೆ, ಹಿಮ ತೀರ ಕಡಿಮೆ ಬೀಳುವ ಜಾಗ ಎಂದು ಹಿಡಿದರೆ ಅಂಟಾರ್ಕ್‌ಟಿಕಾ ಅದಕ್ಕಿಂತ ದೊಡ್ಡದು. ಪಶ್ಚಿಮ ಆಫ್ರಿಕದ ಬೆನಿನ್ ದೇಶದ ರಾಜಧಾನಿ ಪುಸ್ತಕದಲ್ಲಿ ಪೋರ್ತೋ ನೋವೊ, ಸರ್ಕಾರ ನಡೆಯುವುದು ಕೋತೊನೂ ಪಟ್ಟಣದಲ್ಲಿ. ದೂರದ ಮಾತೇಕೆ, ನಮ್ಮ ಮಸ್ಕಿಯನ್ನೇ ನೋಡಿ. 1915ರಲ್ಲಿ ಚಿನ್ನದ ಜಾಡು ಹುಡುಕುತ್ತ ಬಂದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಇಲ್ಲಿಯ ಬಂಡೆಯ ಮೇಲಿನ ಶಾಸನ ಬಿತ್ತು. ಬೇರೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂದಷ್ಟೇ ಕರೆದುಕೊಂಡ ಅರಸ ಇಲ್ಲಿ ಅಶೋಕನೆಂಬ ಹೆಸರಿನಿಂದಲೇ ಸಿಕ್ಕಿದ. ಅಂದಿನಿಂದ ‘ಅಶೋಕನ ಹೆಸರಿರುವ ಶಾಸನ ಯಾವುದು?’ ಎಂದರೆ ‘ಮಸ್ಕಿ’ ಎಂಬ ಉತ್ತರ ದೇಶದ ಎಲ್ಲ ಪರೀಕ್ಷೆಗಳಲ್ಲೂ ಓಡಾಡುತ್ತಿದೆ. ನಮ್ಮೂರಿನ ಹೆಸರು ದಿಲ್ಲಿಯ ಹುಡುಗರ ಬಾಯಲ್ಲಿ ಬರುವುದು ನಮಗೂ ಹೆಮ್ಮೆಯೇ. ಆದರೆ ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿಯೂ ಆ ಹೆಸರು ಸಿಕ್ಕಿದೆ. ನಿಟ್ಟೂರು, ಉಡೇಗೋಳ ಇರುವುದು ಸಿರುಗುಪ್ಪ ತಾಲ್ಲೂಕಿನಲ್ಲಿ, ಸಿಂಧನೂರಿನಿಂದ ಹೊರಟು ತುಂಗಭದ್ರೆ ದಾಟಿದರೆ ಆಯಿತು. ಹೊಳೆಯಾಚೆಯ ಸುದ್ದಿ ಈಚೆಯ ಪುಸ್ತಕಕ್ಕೆ ಇನ್ನೂ ಪೂರ್ತಿ ತಲುಪಿಲ್ಲ.

ಒಂದೇ ಉತ್ತರದ ಈ ಹಟ ಮಕ್ಕಳಿಗೆ ಏನು ಮಾಡುತ್ತದೆಂಬುದನ್ನು ಲಿಂಗಸುಗೂರಿನ ಒಂದು ಶಾಲೆಯ ರಸಪ್ರಶ್ನೆ ಸ್ಪರ್ಧೆಯಲ್ಲಿ ನೋಡಿದೆ. ತಂಗಿಯ ಮಗ ಭಾಗವಹಿಸಿದ್ದ, ನಾನು ತಾಯಂದಿರ ಸಾಲಿನಲ್ಲಿ ಕೂತಿದ್ದೆ. ಪ್ರಪಂಚದ ಅತಿ ಉದ್ದದ ನದಿ ಯಾವುದೆಂದು ಕೇಳಿದರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ನೈಲ್ ಅಂತಾರ್ರೀ ಸರ್, ಆದ್ರ ಅಮೆಜಾನ್ ಅಂತ ಅನ್ನೋರೂ ಅದಾರ್ರೀ. ಎಲ್ಲಿಂದ ಅಳೀತಾರ ಅನ್ನೋದರ ಮ್ಯಾಲ ಐತ್ರಿ” ಎಂದಳು. ಪ್ರಶ್ನೆ ಕೇಳಿದವರು ಗಡಿಯಾರ ನೋಡಿ, “ಎರಡು ಉತ್ತರ ನಡೆಯಂಗಿಲ್ಲವಾ, ಒಂದ ಹೇಳು” ಎಂದರು. ಹುಡುಗಿ ಸುಮ್ಮನಾದಳು. ಪ್ರಶ್ನೆ ಪಕ್ಕದ ತಂಡಕ್ಕೆ ಹೋಯಿತು, ಅಲ್ಲಿಯ ಹುಡುಗ “ನೈಲ್” ಎಂದು ಹತ್ತು ಅಂಕ ತೆಗೆದುಕೊಂಡ. ಸಭೆ ಚಪ್ಪಾಳೆ ತಟ್ಟಿತು. ಆ ದಿನ ಅಲ್ಲಿದ್ದವರಲ್ಲಿ ಭೂಗೋಳ ಬಲ್ಲವಳು ಅವಳೊಬ್ಬಳೇ. ನದಿಯ ಮೂಲ ಯಾವ ತೊರೆ, ಕೊನೆ ಯಾವ ಕವಲು ಎಂಬುದರ ಮೇಲೆ ಉದ್ದ ಬದಲಾಗುತ್ತದೆ ಎಂಬುದನ್ನು ತಿಳಿದವಳಿಗೆ ಸೊನ್ನೆ, ತಿಳಿಯದವನಿಗೆ ಹತ್ತು. ನಮ್ಮ ಹುಡುಗಿಯರಿಗೆ ‘ಗೊತ್ತಿಲ್ಲದಿದ್ದರೆ ಸುಮ್ಮನಿರು’ ಎಂದು ಹೇಳುವವರು ಮೊದಲೇ ಬಹಳ. ಗೊತ್ತಿದ್ದರೂ ಸುಮ್ಮನಿರು ಎಂದು ಕಲಿಸುವುದಕ್ಕೆ ಸ್ಪರ್ಧೆ ಬೇರೆ ಬೇಕೆ?

ಮೂರನೆಯದು, ಈ ಪ್ರಶ್ನೆಗಳು ಪ್ರಪಂಚವನ್ನು ನಮ್ಮ ಮನೆಯಿಂದ ದೂರವಿಟ್ಟಿರುವುದು. ಭೂಗೋಳವೆಂದರೆ ಎಲ್ಲಿಯೋ ಇರುವುದು, ನಾವು ಇರುವಲ್ಲಿ ಅದು ಇಲ್ಲ ಎಂಬಂತೆ. ನಿಜ ಹಾಗಿದೆಯೇ? 2022ರ ಬೇಸಿಗೆಯಲ್ಲಿ ಸೂರ್ಯಕಾಂತಿ ಎಣ್ಣೆ ಲೀಟರಿಗೆ ಇನ್ನೂರರ ಹತ್ತಿರ ಹೋದಾಗ ಬಾಣಲೆಗೆ ಎಣ್ಣೆ ಅಳೆದು ಹಾಕಿದವರು ನಾವು. ರಷ್ಯಾ ಉಕ್ರೇನಿನ ಮೇಲೆ ಯುದ್ಧ ಹೂಡಿತ್ತು, ಭಾರತ ತರಿಸುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆ ಎರಡು ದೇಶಗಳದ್ದೇ ಆಗಿತ್ತು. ಒಂದು ಕಾಲಕ್ಕೆ ನಮ್ಮ ರಾಯಚೂರು ಸೀಮೆಯ ಎರೆಹೊಲಗಳೇ ಸೂರ್ಯಕಾಂತಿಯಿಂದ ಹಳದಿಯಾಗಿ ನಿಲ್ಲುತ್ತಿದ್ದವು. ಆ ಹಳದಿ ಯಾಕೆ ಕಡಿಮೆಯಾಯಿತು, ನಮ್ಮ ಒಗ್ಗರಣೆ ಯಾಕೆ ಕಪ್ಪು ಸಮುದ್ರದ ಬಂದರುಗಳನ್ನು ನಂಬಿ ಕೂತಿತು? ಇದು ಪ್ರಪಂಚ ಭೂಗೋಳದ ಪ್ರಶ್ನೆಯಲ್ಲವೇ? ಪುಸ್ತಕದಲ್ಲಿ ಇರುವುದು ‘ಉಕ್ರೇನಿನ ರಾಜಧಾನಿ: ಕೀವ್’ ಇಷ್ಟೇ.

ಅಕ್ಕಿಯ ಕಥೆಯೂ ಹಾಗೆಯೇ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ಊರಾಯಿತು. 2023ರ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಭಾರತ ನಿಲ್ಲಿಸಿದಾಗ ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಸೋನಾ ಮಸೂರಿ ಚೀಲಗಳಿಗೆ ಜನ ಮುಗಿಬಿದ್ದರು. ಪ್ರಪಂಚದ ಅಕ್ಕಿ ವ್ಯಾಪಾರದಲ್ಲಿ ಸುಮಾರು ನೂರಕ್ಕೆ ನಲವತ್ತು ಪಾಲು ಭಾರತದ್ದು. ನಮ್ಮ ಅಕ್ಕಿ ನಿಂತರೆ ಆಫ್ರಿಕದ ಬಡದೇಶಗಳ ಗಡಿಗೆಗೆ ತಟ್ಟುತ್ತದೆ. 2024ರ ಸೆಪ್ಟೆಂಬರಿನಲ್ಲಿ ನಿಷೇಧ ತೆಗೆದರು. ಬೆನಿನ್ ದೇಶದ ಹೆಸರನ್ನು ಅಲ್ಲಿಯ ರಾಜಧಾನಿಗಾಗಿ ನೆನಪಿಡುವುದು ಕಷ್ಟ. ಭಾರತದ ಅಕ್ಕಿಯನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ದೇಶವದು ಎಂದು ತಿಳಿದರೆ ಮರೆಯುವುದು ಕಷ್ಟ.

ಇನ್ನು ಚಿನ್ನ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿ ಗೊತ್ತಿಲ್ಲದವರಿಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಹಟ್ಟಿಯ ಹೆಸರು ಇನ್ನೂ ದೊಡ್ಡದಾಯಿತು. ಆದರೆ ಈಚಿನ ವರ್ಷಗಳಲ್ಲಿ ಅಲ್ಲಿ ಸಿಗುವುದು ವರ್ಷಕ್ಕೆ ಎರಡು ಟನ್ನಿಗೂ ಕಡಿಮೆ. ನಮ್ಮ ದೇಶ ಹೊರಗಿನಿಂದ ತರಿಸುವುದು ಏಳೆಂಟುನೂರು ಟನ್. ಅದರಲ್ಲಿ ಅತಿ ಹೆಚ್ಚು ಬರುವುದು ಸ್ವಿಟ್ಜರ್ಲೆಂಡಿನಿಂದ. ಹೇಳಿಕೊಳ್ಳುವಂಥ ಚಿನ್ನದ ಗಣಿಯೇ ಇಲ್ಲದ ದೇಶದಿಂದ ಚಿನ್ನ ಹೇಗೆ ಬಂತು? ಬೇರೆ ದೇಶಗಳ ಚಿನ್ನವನ್ನು ಅಲ್ಲಿ ಶುದ್ಧಮಾಡಿ ಮಾರುತ್ತಾರೆ. ಕೊರಳಲ್ಲಿ ತಾಳಿಗುಂಡು ಇರುವ ಯಾವ ಹೆಣ್ಣುಮಗಳಿಗೂ ಈ ಪ್ರಶ್ನೆ ಕೇಳಿ, ಉತ್ತರ ಗೊತ್ತಿಲ್ಲದಿದ್ದರೂ ಕಿವಿ ನಿಮಿರುತ್ತದೆ.

‘ರಾಯಚೂರು ದೋಆಬ್ ಯಾವ ಎರಡು ನದಿಗಳ ನಡುವೆ ಇದೆ?’ ಎಂಬುದು ಹಳೆಯ ಪ್ರಶ್ನೆ. ಕೃಷ್ಣಾ, ತುಂಗಭದ್ರಾ ಎಂದು ಮೂರನೆಯ ತರಗತಿಯ ಮಗುವೂ ಹೇಳುತ್ತದೆ. ಎರಡು ದೊಡ್ಡ ನದಿಗಳ ನಡುವೆ ಇದ್ದೂ ಮಸ್ಕಿ, ಲಿಂಗಸುಗೂರು ಕಡೆಯ ಹಳ್ಳಿಗಳ ಹೆಣ್ಣುಮಕ್ಕಳು ಕಂಕುಳಲ್ಲಿ ಕೂಸು, ತಲೆಯ ಮೇಲೆ ಗಂಟು ಹೊತ್ತು ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ ಗುಳೆ ಹೋಗುವುದು ಯಾಕೆ? ಈ ಪ್ರಶ್ನೆಯನ್ನು ಯಾವ ಪತ್ರಿಕೆಯೂ ಕೇಳಿಲ್ಲ. ಕಾಲುವೆ ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು, ಕೊನೆಯ ಹೊಲಕ್ಕೆ ನೀರು ಯಾಕೆ ಮುಟ್ಟಲಿಲ್ಲ ಎಂದು ಹೇಳಬೇಕಾಗುತ್ತದೆ. 2023ರಲ್ಲಿ ಶಾಂತಸಾಗರದ ನೀರು ಬಿಸಿಯಾಗಿ ಎಲ್ ನಿನೊ ಬಂತು, ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಸಾರಲಾಯಿತು. ಪೆರು ದೇಶದ ಕಡಲತೀರಕ್ಕೂ ನಮ್ಮ ಗುಳೆಯ ಬಸ್ಸಿಗೂ ಇರುವ ನಂಟನ್ನು ನಾಲ್ಕು ಆಯ್ಕೆಗಳಲ್ಲಿ ಕೂರಿಸಲಾಗದು.

ಸಿಂಧನೂರಿನ ಸುತ್ತಲಿನ ಆರ್.ಎಚ್. ಕ್ಯಾಂಪುಗಳಲ್ಲಿ ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿವೆ. ‘ಬಾಂಗ್ಲಾದೇಶದ ರಾಜಧಾನಿ ಯಾವುದು?’ ಎಂದು ನಮ್ಮ ಮಕ್ಕಳು ಪುಸ್ತಕ ನೋಡಿ ಉರುಹಚ್ಚುತ್ತಾರೆ. ಸಂತೆಯಲ್ಲಿ ಪಕ್ಕದಲ್ಲೇ ಕೂತು ಕಾಯಿಪಲ್ಲೆ ಆರಿಸುವ ಆ ಕ್ಯಾಂಪಿನ ಅಜ್ಜಿಯನ್ನು “ನಿಮ್ಮೂರು ಯಾವುದಿತ್ತವ್ವಾ?” ಎಂದು ಕೇಳುವುದಿಲ್ಲ. ಗಡಿ ಎಂದರೆ ನಕಾಶೆಯ ಗೆರೆಯೆಂದು ಪುಸ್ತಕ ಹೇಳುತ್ತದೆ. ಗಡಿ ಎಂದರೇನೆಂದು ಅವಳು ಬಲ್ಲಳು.

ಇಷ್ಟು ಹೇಳಿದ ಮೇಲೆ ಒಂದು ಅಪಾಯವನ್ನೂ ಹೇಳಬೇಕು. ‘ಹೆಸರು ಬಾಯಿಪಾಠ ಮಾಡುವುದೆಲ್ಲ ದಂಡ, ಅನುಭವವೇ ಜ್ಞಾನ’ ಎನ್ನುವವರಿದ್ದಾರೆ. ಹೆಣ್ಣುಮಕ್ಕಳ ಮುಂದೆ ಈ ಮಾತನ್ನು ಬಹಳ ಸಿಹಿಯಾಗಿ ಆಡುತ್ತಾರೆ. ನಂಬಬೇಡಿ. ಅಡುಗೆಮನೆಯ ತಿಳಿವಳಿಕೆ ದೊಡ್ಡದು ಎಂದು ಹೊಗಳಿ ನಮ್ಮನ್ನು ಅಲ್ಲಿಯೇ ಕೂರಿಸುವ ಉಪಾಯವೂ ಅದಾಗಬಹುದು. ಎಣ್ಣೆ ತುಟ್ಟಿಯಾದದ್ದು ಎಲ್ಲರಿಗೂ ಗೊತ್ತು. ಉಕ್ರೇನ್ ಎಲ್ಲಿದೆ ಎಂದು ತಿಳಿದವಳಿಗೆ ಮಾತ್ರ ಯಾಕೆಂದು ಗೊತ್ತಾಗುತ್ತದೆ. ಹೆಸರುಗಳು ಬಾಗಿಲುಗಳು. ಮಸ್ಕಿಯ ಬಂಡೆಯಲ್ಲಿ ತನ್ನ ಹೆಸರು ಬಿಟ್ಟುಹೋದ ಅಶೋಕನೇ ತನ್ನ 13ನೆಯ ಶಿಲಾಶಾಸನದಲ್ಲಿ ಐವರು ಯವನ ಅರಸರ ಹೆಸರು ಬರೆಸಿದ್ದಾನೆ. ಅವರು ಆಳುತ್ತಿದ್ದದ್ದು ಸಿರಿಯಾ, ಈಜಿಪ್ಟ್, ಮ್ಯಾಸಿಡೋನಿಯಾಗಳ ಕಡೆ. ಆದರೆ ಅವನು ಹೆಸರಿಗೆ ನಿಲ್ಲಲಿಲ್ಲ. ತನ್ನ ಧರ್ಮದ ಮಾತು ಅಲ್ಲಿಯವರೆಗೆ ಹೋಯಿತು ಎಂದು ಹೇಳಲು ಆ ಹೆಸರುಗಳು ಅವನಿಗೆ ಬೇಕಾದವು. ಎರಡೂಕಾಲು ಸಾವಿರ ವರ್ಷಗಳ ಹಿಂದಿನ ಆ ಪ್ರಪಂಚ ಭೂಗೋಳ ನಮ್ಮ ಕೈಪಿಡಿಗಿಂತ ಮೇಲು, ಏಕೆಂದರೆ ಅದರಲ್ಲಿ ಊರಿಗೂ ಊರಿಗೂ ಸಂಬಂಧವಿದೆ.

ಪ್ರಶ್ನೆ ಕೇಳುವ ಒಳ್ಳೆಯ ಮಾದರಿ ನಮ್ಮಲ್ಲಿ ಇಲ್ಲವೆಂದಲ್ಲ. ದೂರದರ್ಶನ ಚಂದನದಲ್ಲಿ 2002ರಲ್ಲಿ ಶುರುವಾದ ‘ಥಟ್ ಅಂತ ಹೇಳಿ’ ಕಾರ್ಯಕ್ರಮದ ಹೆಸರೇನೋ ಥಟ್ ಎನ್ನುತ್ತದೆ. ಆದರೆ ಅದನ್ನು ನಡೆಸಿಕೊಂಡು ಬಂದ ನಾ. ಸೋಮೇಶ್ವರ ಅವರು ಉತ್ತರ ಬಂದ ಮೇಲೆ ಎರಡು ಮಾತು ವಿವರಣೆ ಕೊಡುತ್ತಾರೆ, ಗೆದ್ದವರಿಗೆ ಕನ್ನಡ ಪುಸ್ತಕ ಕೊಡುತ್ತಾರೆ. ಎಷ್ಟೋ ಮನೆಗಳಲ್ಲಿ ರೊಟ್ಟಿ ಬಡಿಯುತ್ತಲೇ ಕಿವಿ ಅತ್ತ ಕೊಟ್ಟ ಹೆಣ್ಣುಮಕ್ಕಳಿದ್ದಾರೆ. ಆ ಎರಡು ಮಾತಿನ ವಿವರಣೆಯೇ ಆಟವನ್ನು ಪಾಠ ಮಾಡಿದ್ದು.

ಪರೀಕ್ಷೆಯ ಪತ್ರಿಕೆ ತೆಗೆಯುವುದು ನಮ್ಮ ಕೈಯಲ್ಲಿಲ್ಲ. ಅಲ್ಲಿ ನೈಲ್ ಎಂದು ಕೇಳಿದರೆ ನೈಲ್ ಎಂದೇ ಗುರುತು ಹಾಕಿ ನೌಕರಿ ಹಿಡಿಯಲಿ ನಮ್ಮ ಹುಡುಗಿಯರು. ಆದರೆ ಮನೆಯಲ್ಲಿ ಪ್ರಶ್ನೆ ಕೇಳುವವರು ನಾವು. ಒಂದು ಪ್ರಪಂಚದ ನಕಾಶೆ ತಂದು ದೇವರ ಫೋಟೋದ ಪಕ್ಕದಲ್ಲೋ ಕ್ಯಾಲೆಂಡರಿನ ಕೆಳಗೋ ತೂಗುಹಾಕಿ. ಆ ನಕಾಶೆಯನ್ನೂ ಪೂರ್ತಿ ನಂಬದೆ, ಅದರಲ್ಲಿ ಆಫ್ರಿಕದಷ್ಟೇ ಕಾಣುವ ಗ್ರೀನ್‌ಲೆಂಡ್‌ಗಿಂತ ಆಫ್ರಿಕ ನಿಜಕ್ಕೂ ಹದಿನಾಲ್ಕು ಪಟ್ಟು ದೊಡ್ಡದು ಎಂದು ಮಕ್ಕಳಿಗೆ ಹೇಳಿ. ರಾಜಧಾನಿ ಯಾವುದೆಂದು ಕೇಳಿದ ಮೇಲೆ, ಅಲ್ಲಿಯ ಹೆಂಗಸರು ಏನು ಬೆಳೆಯುತ್ತಾರೆ, ಏನು ಉಣ್ಣುತ್ತಾರೆ, ನಮ್ಮ ಮನೆಗೆ ಅಲ್ಲಿಂದ ಏನು ಬಂದಿದೆ ಎಂದು ಇನ್ನೊಂದು ಪ್ರಶ್ನೆ ಸೇರಿಸಿ. ಉತ್ತರ ಹುಡುಕಲು ಮಗಳಿಗೆ ಒಂದು ವಾರ ಹಿಡಿದರೂ ಗಡಿಯಾರ ನೋಡಬೇಡಿ. ಎರಡು ಉತ್ತರ ತಂದರೆ ಎರಡನ್ನೂ ಕೇಳಿ.