ಸೀತೆ ಮುಡಿದ ದಂಡೆ

ಮುಂಗಾರು ಹಿಡಿಯುವ ಹೊತ್ತಿಗೆ ಮೂಡಿಗೆರೆಯಿಂದ ಕಳಸದ ಕಡೆ ಹೊರಟವರು ಕಾಫಿ ಗಿಡ ಬಿಟ್ಟು, ತಲೆಯೆತ್ತಿ ನೆರಳಿನ ಮರಗಳನ್ನು ನೋಡಬೇಕು. ಹಲಸು, ಅತ್ತಿ, ಹೆಬ್ಬಲಸಿನ ಕೊಂಬೆಗಳಿಂದ ಗೇಣುದ್ದದ ಗೊಂಚಲು ಇಳಿಬಿದ್ದಿರುತ್ತದೆ. ಬಿಳಿ ಎಸಳಿನ ಮೇಲೆ ನೇರಳೆ ಚುಕ್ಕಿ; ಒಂದೊಂದು ಗೊಂಚಲಲ್ಲೂ ಹತ್ತಾರು ಹೂ, ಯಾರೋ ಕೂತು ಒತ್ತಾಗಿ ಕಟ್ಟಿದ ಹಾಗೆ. ಇದೇ ಸೀತಾಳೆ ದಂಡೆ.

ವನವಾಸದಲ್ಲಿ ಸೀತೆ ಮುಡಿದ ಹೂ ಇದೆಂಬುದು ಮಲೆನಾಡಿನ ನಂಬಿಕೆ. ಅರಮನೆಯ ಒಡವೆ ಬಿಟ್ಟು ಬಂದವಳಿಗೆ ಕಾಡು ಕೊಟ್ಟ ಒಡವೆ. ದಾರ ಬೇಡ, ಕಟ್ಟುವ ಕೆಲಸವಿಲ್ಲ. ಗೊಂಚಲು ಮುರಿದು ಜಡೆಗೆ ಸಿಕ್ಕಿಸಿದರಾಯಿತು. ದೂರದ ಅಸ್ಸಾಮಿನಲ್ಲೂ ಇದು ಮುಡಿಗೇ ಮೀಸಲು. ಅಲ್ಲಿ ಇದರ ಹೆಸರು ಕಪೌ ಫುಲ್. ಏಪ್ರಿಲ್ ತಿಂಗಳ ಬಿಹು ಹಬ್ಬದಲ್ಲಿ ಕುಣಿಯುವ ಹೆಣ್ಣುಮಕ್ಕಳ ತುರುಬಿಗೆ ಇದಿಲ್ಲದೆ ಕಳೆಯಿಲ್ಲ. ಅವರಿಗದು ಪ್ರೀತಿಯ, ಫಲವಂತಿಕೆಯ ಗುರುತು. ಅಸ್ಸಾಂ, ಅರುಣಾಚಲ ಪ್ರದೇಶ ಎರಡಕ್ಕೂ ಇದೇ ರಾಜ್ಯಪುಷ್ಪ.

ಯುರೋಪಿನ ಗ್ರಂಥಗಳಿಗೆ ಇದು ಹತ್ತಿದ್ದು ನಮ್ಮ ಘಟ್ಟದ ಸೆರಗಿನಿಂದಲೇ. ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನಲ್ಲಿದ್ದಾಗ ಸಿದ್ಧಪಡಿಸಲು ತೊಡಗಿದ ‘ಹೋರ್ಟಸ್ ಮಲಬಾರಿಕಸ್’ನ ಹನ್ನೆರಡನೆಯ ಸಂಪುಟ 1693ರಲ್ಲಿ ಹೊರಬಂತು, ಅದರಲ್ಲಿ ಈ ಗಿಡದ ಚಿತ್ರವಿದೆ. 1753ರಲ್ಲಿ ಲಿನಿಯಸ್ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟ. ಆಮೇಲೆ ಇಂಗ್ಲೆಂಡಿನ ಸಿರಿವಂತರು ಇಂಥ ಆರ್ಕಿಡ್‌ಗಳಿಗಾಗಿ ಗಾಜಿನ ಮನೆ ಕಟ್ಟಿಸಿ ದುಡ್ಡು ಸುರಿದರು. ನಮ್ಮಲ್ಲಿ ಅದು ತೋಟದ ಮರದಲ್ಲಿ ಬಿಟ್ಟಿ ಸಿಗುತ್ತಿತ್ತು.

ಬಿಟ್ಟಿ ಸಿಕ್ಕಿದ್ದಕ್ಕೋ ಏನೋ, ಬದನಿಕೆಯೆಂದು ಕಿತ್ತೆಸೆಯುವವರೂ ಇದ್ದಾರೆ. ಬದನಿಕೆ ಮರದ ರಸ ಹೀರುತ್ತದೆ. ಸೀತಾಳೆಯ ದಪ್ಪ ಬೇರು ತೊಗಟೆಯ ಮೇಲೆಯೇ ಹರಿದು, ಮಳೆ ಮಂಜಿನ ತೇವ ಕುಡಿದು ಬದುಕುತ್ತದೆ. ಒಣಗಿದಾಗ ಬೂದಿ ಬಣ್ಣದ ಆ ಬೇರು ಒಂದು ಮಳೆ ಬಿದ್ದರೆ ಹಸಿರಾಗುವುದನ್ನು ನೋಡಿಯೇ ನಂಬಬೇಕು. ಮರಕ್ಕೆ ಇದರಿಂದ ನಯಾಪೈಸೆ ನಷ್ಟವಿಲ್ಲ.

ಇದರ ಬೀಜವೋ ಧೂಳಿನಷ್ಟು ಸಣ್ಣದು, ಒಳಗೆ ತಿರುಳಿಲ್ಲ. ಶಿಲೀಂಧ್ರದ ನೆರವಿಲ್ಲದೆ ಕಾಡಿನಲ್ಲಿ ಮೊಳೆಯದು. ಅದಕ್ಕೇ ಇದಕ್ಕೆ ಒರಟು ತೊಗಟೆಯ ಹಳೆಯ ಮರವೇ ಬೇಕು. ಕಾಡುಮರ ತೆಗೆದು ಸಿಲ್ವರ್ ಓಕ್ ಸಾಲು ಹಿಡಿಸಿದ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬೀತು, ಸೀತಾಳೆ ಕಾಣುವುದು ಅಪರೂಪ. ಹಲಸು, ಅತ್ತಿ ಉಳಿಸಿಕೊಂಡ ಬೆಳೆಗಾರನೇ ಈ ಹೂವಿನ ನಿಜವಾದ ರಸಿಕ.

ಈ ಸಲ ಮರಗಸಿಯಲ್ಲಿ ಕೊಂಬೆಯ ಜೊತೆ ಸೀತಾಳೆಯೂ ನೆಲಕ್ಕೆ ಬಿದ್ದರೆ ಸೌದೆ ರಾಶಿಗೆ ಸೇರಿಸಬೇಡಿ. ತೆಂಗಿನ ನಾರಿನ ಹುರಿಯಿಂದ ಹತ್ತಿರದ ಹಲಸಿನ ಮರಕ್ಕೆ ಬಿಗಿಯಾಗಿ ಕಟ್ಟಿಬಿಡಿ. ಬೇರು ಹಿಡಿಸುವ ಕೆಲಸವನ್ನು ಮಳೆಗಾಲ ನೋಡಿಕೊಳ್ಳುತ್ತದೆ.