ಮಗ್ಗದ ಸದ್ದು, ನೇಕಾರನ ಕಿವಿ

ಲಾಳಿ ಓಡಿಸುವ ವಿದ್ಯುತ್ ಮಗ್ಗದ ಸದ್ದು ಮುಖ್ಯವಾಗಿ ಹುಟ್ಟುವುದು ಹೊಡೆತದಿಂದ. ಪ್ರತಿ ಹೊಕ್ಕಿಗೂ ಪಿಕರ್ ಲಾಳಿಯನ್ನು ಒಂದು ಬದಿಯಿಂದ ಬಡಿದು ಅಟ್ಟುತ್ತದೆ, ಎದುರು ಬದಿಯ ಪೆಟ್ಟಿಗೆ ಅದನ್ನು ತಡೆದು ನಿಲ್ಲಿಸುತ್ತದೆ. ಇದು ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ನಡೆಯುತ್ತದೆ. ಇಂಥ ಮಗ್ಗಗಳು ಸಾಲಾಗಿ ಓಡುವ ಶೆಡ್ಡಿನಲ್ಲಿ ಸದ್ದು ಸಾಮಾನ್ಯವಾಗಿ 95ರಿಂದ 100 ಡೆಸಿಬೆಲ್ ಮುಟ್ಟುತ್ತದೆ. ಇದಕ್ಕೆ ನಮ್ಮ ಕಾರ್ಖಾನೆಗಳು ಕಂಡುಕೊಂಡಿರುವ ಉತ್ತರ ಬಹುಮಟ್ಟಿಗೆ ಒಂದೇ: ನೇಕಾರನ ಕೈಗೊಂದು ಜೊತೆ ಇಯರ್‌ಪ್ಲಗ್ ಕೊಡುವುದು. ಈ ಪದ್ಧತಿ ಕಿವಿಯನ್ನು ಉಳಿಸುವುದಕ್ಕಿಂತ ಹೊಣೆಯನ್ನು ದಾಟಿಸುವುದೇ ಹೆಚ್ಚು.

ಒಳಗಿವಿಯ ಶಂಖದಂಥ ಸುರುಳಿಯಲ್ಲಿ ಸದ್ದನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳಿರುತ್ತವೆ. ಅತಿ ಸದ್ದಿಗೆ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಪಾಳಿ ಮುಗಿದ ಮೇಲೆ ಕಿವಿ ಗುಂಯ್‌ಗುಟ್ಟಿ, ಬೆಳಗಾಗುವಷ್ಟರಲ್ಲಿ ಸರಿಹೋಯಿತೆಂದು ಅನ್ನಿಸುವುದು ಮೊದಲ ಎಚ್ಚರಿಕೆ. ಶಾಶ್ವತ ನಷ್ಟ ಶುರುವಾಗುವುದು 4,000 ಹರ್ಟ್ಸ್ ಆಸುಪಾಸಿನಲ್ಲಿ. ಮಾತಿನ ಗಟ್ಟಿತನ ಉಳಿದಿರುತ್ತದೆ, ‘ಸ’, ‘ಶ’ದಂಥ ವ್ಯಂಜನಗಳು ಮಸುಕಾಗುತ್ತವೆ, ‘ಸಾಲು’ ಅಂದದ್ದು ‘ಹಾಲು’ ಎಂದು ಕೇಳಿಸಬಹುದು. ಮನೆಯವರು ಅದನ್ನು ಗಮನವಿಲ್ಲದ್ದೆಂದು ತಿಳಿಯುತ್ತಾರೆ, ಕಿವುಡೆಂದಲ್ಲ. ಈ ರೋಗ ಹೊಸದೇನಲ್ಲ. ತಾಮ್ರ ಬಡಿಯುವವರು ಕಿವುಡರಾಗುವುದನ್ನು ಇಟಲಿಯ ವೈದ್ಯ ರಮಾಜ್ಜೀನಿ 18ನೆಯ ಶತಮಾನದ ಆರಂಭದಲ್ಲೇ ಬರೆದಿಟ್ಟಿದ್ದ.

ಭಾರತದ ಕಾರ್ಖಾನೆ ನಿಯಮಗಳ ಮಿತಿ ಎಂಟು ಗಂಟೆಗೆ 90 ಡೆಸಿಬೆಲ್. ಸದ್ದು 5 ಡೆಸಿಬೆಲ್ ಏರಿದಂತೆ ಅವಧಿ ಅರ್ಧವಾಗುತ್ತದೆ. ಅಂದರೆ 100 ಡೆಸಿಬೆಲ್ಲಿನಲ್ಲಿ ಎರಡು ಗಂಟೆ ಕೆಲಸ ಮಾಡಬಹುದು. ಆದರೆ ಧ್ವನಿಯ ಶಕ್ತಿ ಇಮ್ಮಡಿಯಾಗಲು 3 ಡೆಸಿಬೆಲ್ ಸಾಕು. ಅದನ್ನೇ ಅಳತೆಗೋಲು ಮಾಡಿಕೊಂಡು, 85 ಡೆಸಿಬೆಲ್ಲಿನಿಂದ ಎಣಿಸುವ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಶಿಫಾರಸಿನಂತೆ 100 ಡೆಸಿಬೆಲ್ಲಿಗೆ ಸಿಗುವುದು ಬರೀ 15 ನಿಮಿಷ. ಅದೇ ಸಂಸ್ಥೆಯ 1998ರ ಅಂದಾಜಿನಲ್ಲಿ, ದುಡಿಮೆಯ ಜೀವನವಿಡೀ 90 ಡೆಸಿಬೆಲ್ಲಿನಲ್ಲಿ ಕಳೆದವರಲ್ಲಿ ಹೆಚ್ಚುವರಿಯಾಗಿ ನೂರಕ್ಕೆ 25 ಮಂದಿಗೆ ಕೇಳುವಿಕೆ ಕುಂದುತ್ತದೆ. 85ರಲ್ಲಿ 8 ಮಂದಿಗೆ. ನಿಯಮವನ್ನು ಚಾಚೂ ತಪ್ಪದೆ ಪಾಲಿಸುವ ಕಾರ್ಖಾನೆಯಲ್ಲೂ ಹೀಗಾದರೆ, ದೋಷ ಪಾಲನೆಯಲ್ಲಷ್ಟೇ ಇಲ್ಲ.

ಇನ್ನು ಇಯರ್‌ಪ್ಲಗ್. ಪ್ಯಾಕೆಟ್ಟಿನ ಮೇಲೆ 30 ಡೆಸಿಬೆಲ್ ತಗ್ಗಿಸುತ್ತದೆಂದು ಬರೆದಿರಲಿ. ಎಂಟು ಗಂಟೆಯ ಪಾಳಿಯಲ್ಲಿ ಅರ್ಧ ಗಂಟೆ ಅದನ್ನು ತೆಗೆದಿಟ್ಟರೆ ಒಟ್ಟು ರಕ್ಷಣೆ 12 ಡೆಸಿಬೆಲ್ಲಿಗೆ ಕುಸಿಯುತ್ತದೆ. ಅರ್ಧ ಪಾಳಿ ತೆಗೆದರೆ ಉಳಿಯುವುದು 3 ಮಾತ್ರ. ನೇಕಾರ ತೆಗೆಯುವುದು ಉದಾಸೀನದಿಂದಲ್ಲ. ಸೆಕೆಗೆ ಕಿವಿ ಬೆವರುತ್ತದೆ, ಪಕ್ಕದವನ ಕೂಗು ಕೇಳಬೇಕಾಗುತ್ತದೆ, ಮಗ್ಗದ ಲಯ ತಪ್ಪಿದ್ದನ್ನು ಮೊದಲು ಹೇಳುವುದು ಅದರ ಸದ್ದೇ. ಕೆಲಸದ ಇಷ್ಟು ಸಾಮಾನ್ಯ ಅಗತ್ಯದೆದುರು ಸೋಲುವ ಸಾಧನವನ್ನು ಏಕೈಕ ರಕ್ಷಣೆ ಮಾಡಿಟ್ಟು, ಅಪಾಯ ಬಂದಾಗ ‘ಹಾಕಿಕೊಳ್ಳಲಿಲ್ಲ’ ಎಂದು ಕಾರ್ಮಿಕನನ್ನು ದೂರುವುದು ಅನ್ಯಾಯ. ಕಿವಿಗೆ ತುರುಕುವ ಸಾದಾ ಹತ್ತಿಯಂತೂ ತಡೆಯುವುದು ತೀರ ಅಲ್ಪ.

ಸದ್ದನ್ನು ಹುಟ್ಟುವಲ್ಲೋ ಹರಡುವಲ್ಲೋ ತಗ್ಗಿಸುವ ದಾರಿಗಳು ಇವೆ: ಸವೆದ ಪಿಕರ್ ಬದಲಿಸುವುದು, ಮಗ್ಗದ ಕಾಲಡಿ ರಬ್ಬರ್ ಹಾಸುವುದು, ತಗಡಿನ ಚಾವಣಿಯಡಿ ಸದ್ದು ಹೀರುವ ಹಲಗೆ ಕಟ್ಟುವುದು, ಲಾಳಿಯಿಲ್ಲದ ರೇಪಿಯರ್ ಮಗ್ಗ ತರುವುದು. ಕೊನೆಯದು ದುಬಾರಿ, ವೇಗ ಹೆಚ್ಚಿಸಿ ಓಡಿಸಿದರೆ ಗಳಿಸಿದ ನೆಮ್ಮದಿಯೂ ಕರಗುತ್ತದೆ. ಮೊದಲ ಮೂರಕ್ಕೆ ಅಂಥ ನೆಪವಿಲ್ಲ.

ದೊಡ್ಡಬಳ್ಳಾಪುರ, ರಬಕವಿ-ಬನಹಟ್ಟಿಯಂಥ ಊರುಗಳಲ್ಲಿ ಎಷ್ಟೋ ಮಗ್ಗಗಳು ಮನೆಯೊಳಗೇ ಇವೆ. ಅಲ್ಲಿ ಪಾಳಿ ಮುಗಿದರೂ ಕಿವಿಗೆ ಬಿಡುವಿಲ್ಲ, ಮಕ್ಕಳ ಕಿವಿಗೂ ಇಲ್ಲ. 1948ರ ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸುವ ಕಡೆ 10 ಮಂದಿ ದುಡಿದರೆ ಕಾರ್ಖಾನೆ ಎಂದು ಎಣಿಸುತ್ತಿತ್ತು. 2020ರ ಕಾರ್ಮಿಕ ಸಂಹಿತೆಯ ವ್ಯಾಖ್ಯೆ ಅದನ್ನು 20ಕ್ಕೆ ಏರಿಸಿತು. ಎರಡು-ನಾಲ್ಕು ಮಗ್ಗದ ಮನೆ ಎರಡಕ್ಕೂ ಹೊರಗೆ. ಸದ್ದಿನಿಂದಾಗುವ ಕಿವುಡು ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ, ನಿಜ. ಆದರೆ ಕೆಲಸಕ್ಕೆ ಸೇರಿದಾಗಿನ ಆಡಿಯೋಗ್ರಾಮ್ (ಕೇಳುವಿಕೆ ಪರೀಕ್ಷೆಯ ದಾಖಲೆ) ಇಲ್ಲದಿದ್ದರೆ, ಇಪ್ಪತ್ತು ವರ್ಷದ ಬಳಿಕ ಕಿವುಡು ಮಗ್ಗದಿಂದ ಬಂತೋ ವಯಸ್ಸಿನಿಂದ ಬಂತೋ ಎಂಬ ವಾದ ಎದ್ದಾಗ, ಮೊದಲು ತನ್ನ ಕಿವಿ ನೆಟ್ಟಗಿತ್ತೆಂದು ತೋರಿಸಲು ನೇಕಾರನ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.