ವರ್ಷಕ್ಕೊಂದು ಮನೆತನದ ಕಪ್

1997ರಲ್ಲಿ ಕೊಡಗಿನ ವಿರಾಜಪೇಟೆ ಹತ್ತಿರದ ಕರಡ ಎಂಬ ಊರಿನಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಒಂದು ಹಾಕಿ ಪಂದ್ಯಾವಳಿ ಏರ್ಪಡಿಸಿದರು. ಬಂದದ್ದು 60 ಕುಟುಂಬಗಳು. ಹೊಣೆ ಹೊತ್ತದ್ದು ಪಾಂಡಂಡ ಕುಟುಂಬ. ಮರುವರ್ಷ ಕೋಡಿರ ಕುಟುಂಬ ಅದನ್ನು ವಹಿಸಿಕೊಂಡಿತು, ಅದರ ಮರುವರ್ಷ ಇನ್ನೊಂದು. 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಪಂದ್ಯಾವಳಿಯಲ್ಲಿ 360 ತಂಡಗಳಿದ್ದವು, ಅದು ಗಿನ್ನೆಸ್ ದಾಖಲೆಗೂ ಸೇರಿತು. 2025ರಲ್ಲಿ ಮುದ್ದಂಡ ಕುಟುಂಬ ಮಡಿಕೇರಿಯಲ್ಲಿ ನಡೆಸಿದ 25ನೆಯ ಪಂದ್ಯಾವಳಿಗೆ ಹೆಸರು ಕೊಟ್ಟ ಕುಟುಂಬಗಳು 396.

ಪತ್ರಿಕೆಗಳು ಹೆಚ್ಚಾಗಿ ಬರೆಯುವುದು ಈ ಸಂಖ್ಯೆಗಳ ಬಗ್ಗೆ. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಆತಿಥ್ಯದ ಪದ್ಧತಿ. ಕಪ್‌ಗೆ ಸ್ವಂತದ ಹೆಸರಿಲ್ಲ. ಆ ವರ್ಷ ಯಾರು ನಡೆಸುತ್ತಾರೋ ಅವರ ಮನೆತನದ ಹೆಸರೇ ಕಪ್‌ನ ಹೆಸರು: ಕುಲ್ಲೇಟಿರ ಕಪ್, ಅಪ್ಪಚೆಟ್ಟೋಳಂಡ ಕಪ್, ಮುದ್ದಂಡ ಕಪ್. ಫೈನಲ್ ಮುಗಿದ ಮೇಲೆ ಹೊಣೆ ಮುಂದಿನ ಕುಟುಂಬದ್ದು. ಎಷ್ಟೇ ಚೆನ್ನಾಗಿ ನಡೆಸಿದರೂ ‘ಬರುವ ವರ್ಷವೂ ನಮಗೇ ಕೊಡಿ’ ಎಂದು ಕೇಳುವ ಮಾತೇ ಇಲ್ಲ. ಹೆಸರು ಕೊಟ್ಟು ಸರದಿಗೆ ಕಾಯುವ ಕುಟುಂಬಗಳು ಇರುವುದರಿಂದ ಬಿಟ್ಟುಕೊಡುವುದು ನಷ್ಟವೆಂದು ಯಾರಿಗೂ ಅನಿಸುವುದಿಲ್ಲ.

ಆಟದ ನಿಯಮಗಳೂ ಇದಕ್ಕೆ ಹೊಂದಿಕೊಂಡಿವೆ. ತಂಡದಲ್ಲಿ ಇರಬೇಕಾದವರು ಒಂದೇ ಒಕ್ಕದವರು, ಎಂದರೆ ಒಂದೇ ಮನೆತನದವರು, ಹೊರಗಿನಿಂದ ಒಳ್ಳೆಯ ಆಟಗಾರನನ್ನು ತಂದು ಸೇರಿಸುವಂತಿಲ್ಲ. ಮದುವೆಯಾದ ಹೆಣ್ಣುಮಗಳು ತವರಿನ ಪರವಾಗಿಯೂ ಆಡಬಹುದು, ಗಂಡನ ಮನೆಯ ಪರವಾಗಿಯೂ ಆಡಬಹುದು. ಗಾಳಿಯಲ್ಲಿ ಗುಂಡು ಹಾರಿಸಿ ಆಟ ಶುರುವಾದ ಮೇಲಿನ ಮೊದಲ ಸುತ್ತುಗಳನ್ನು ನೋಡಬೇಕು. ಭಾರತ ತಂಡಕ್ಕೆ ಆಡಿದವರು ಇರುವ ಕುಟುಂಬದ ಎದುರು, ಹನ್ನೊಂದು ಜನ ಕೂಡಿಸುವುದಕ್ಕೇ ಪರದಾಡಿದ ಕುಟುಂಬ ನಿಂತಿರುತ್ತದೆ. ಅಜ್ಜನೊಬ್ಬ ಹಿಂದೆ ನಿಂತು ಕೂಗಿ ಹೇಳುತ್ತಿರುತ್ತಾನೆ, ಹೈಸ್ಕೂಲ್ ಹುಡುಗಿ ಮುಂದೆ ಓಡುತ್ತಿರುತ್ತಾಳೆ. ಹತ್ತು ಗೋಲು ತಿಂದು ಹೊರಬಂದರೂ ಅವರ ಮುಖದಲ್ಲಿ ಸೋತವರ ಕಳೆ ಇರುವುದಿಲ್ಲ. ಬೆಂಗಳೂರಿನಲ್ಲಿ, ದುಬೈನಲ್ಲಿ ಚದುರಿಹೋದ ಅಣ್ಣತಮ್ಮಂದಿರ ಮಕ್ಕಳು ಆ ಒಂದು ಪಂದ್ಯದ ನೆಪದಲ್ಲಿ ಮನೆತನದ ಮೂಲಮನೆಯಾದ ಐನ್‌ಮನೆಗೆ ಬಂದು ಹೋದರಲ್ಲ, ಮನೆಯವರನ್ನು ಒಟ್ಟುಗೂಡಿಸುವ ಕುಟ್ಟಪ್ಪನವರ ಉದ್ದೇಶ ಅಲ್ಲಿಗೆ ಈಡೇರಿತು.

ಆತಿಥ್ಯದ ಇನ್ನೊಂದು ಬಗೆಯೂ ಇದೆ. ಕೊಡವ ಹಾಕಿ ಶುರುವಾದ 1997ರಲ್ಲೇ ಅಮೆರಿಕದ ಟೆನೆಸಿ ರಾಜ್ಯದ ಚಟನೂಗ ಎಂಬ ನಗರಕ್ಕೆ ಕಾಲೇಜು ಫುಟ್‌ಬಾಲ್‌ನ ಎರಡನೆಯ ಹಂತದ ಚಾಂಪಿಯನ್‌ಷಿಪ್ ಫೈನಲ್ ಬಂತು. ಅಲ್ಲಿ ಹೊಸ ಸ್ಟೇಡಿಯಂ ಇತ್ತು, ಹೋಟೆಲಿನವರಿಗೂ ಅಂಗಡಿಯವರಿಗೂ ಡಿಸೆಂಬರ್‌ನಲ್ಲಿ ವ್ಯಾಪಾರ ಇತ್ತು. ಅಲ್ಲಿ ಆತಿಥ್ಯ ಸಿಗುವುದು ಬಿಡ್‌ನಿಂದ. ನಗರಗಳು ಪೈಪೋಟಿಯ ಮೇಲೆ ಅರ್ಜಿ ಹಾಕುತ್ತವೆ, ಕ್ರೀಡಾ ಸಂಸ್ಥೆ ಆರಿಸುತ್ತದೆ. ಚಟನೂಗ ಅದನ್ನು 13 ವರ್ಷ ಉಳಿಸಿಕೊಂಡ ಮೇಲೆ ಫೈನಲ್ ಟೆಕ್ಸಸ್‌ನ ಫ್ರಿಸ್ಕೊ ನಗರದ ಪಾಲಾಯಿತು. ಈಗ ಫ್ರಿಸ್ಕೊದ ಸ್ಟೇಡಿಯಂ ದುರಸ್ತಿಯಲ್ಲಿದೆ ಎಂದು ಪಂದ್ಯ ಮತ್ತೆ ಟೆನೆಸಿಗೆ, ನ್ಯಾಶ್‌ವಿಲ್‌ಗೆ ಬಂದಿದೆ. ಬಿಡ್ ಪದ್ಧತಿಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಒಳ್ಳೆಯ ಮೈದಾನ, ಒಳ್ಳೆಯ ರಸ್ತೆ ಇರಬೇಕೆಂದು ಅದು ಊರನ್ನು ಒತ್ತಾಯಿಸುತ್ತದೆ. ಆದರೆ ಊರಿನ ಕಣ್ಣು ಆಟದ ಮೇಲಿನಿಂದ ಆತಿಥ್ಯದ ಹಕ್ಕಿನ ಮೇಲೆ ಬೀಳುತ್ತದೆ. ಕೈಬಿಟ್ಟುಹೋದ ದಿನ ಆ ಊರಿಗೆ ಉಳಿಯುವುದು ಸ್ಟೇಡಿಯಂ ಮತ್ತು ಬೇಸರ.

ನಮ್ಮ ತಾಳವಾಡಿ ಬೆಟ್ಟಗಳಲ್ಲಿ ಮೂರನೆಯ ಬಗೆಯೊಂದಿದೆ, ಬಿಡ್ಡೂ ಇಲ್ಲದ, ಸರದಿಯೂ ಇಲ್ಲದ ಆತಿಥ್ಯ. ಗುಮಟಾಪುರದ ಗೊರೆಹಬ್ಬ ಬಲಿಪಾಡ್ಯಮಿಯ ಮರುದಿನ ಬೀರೇಶ್ವರ ದೇವಸ್ಥಾನದ ಬಳಿ ನಡೆಯುತ್ತದೆ. ಮನೆಮನೆಯ ಕೊಟ್ಟಿಗೆಯಿಂದ ಸಗಣಿ ತಂದು ಗುಡ್ಡೆ ಹಾಕುತ್ತಾರೆ, ಪೂಜೆಯಾಗುತ್ತದೆ, ಆಮೇಲೆ ಅಂಗಿ ಕಳಚಿದ ಗಂಡಸರೂ ಹುಡುಗರೂ ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆಯುತ್ತಾರೆ. ಮಹಡಿಯ ಮೇಲೆ, ಜಗಲಿಯ ಮೇಲೆ ನಿಂತವರ ಮೇಲೂ ಬೀಳುತ್ತದೆ, ಯಾರೂ ಮುಖ ಸಿಂಡರಿಸುವುದಿಲ್ಲ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದರಾಸಿನಲ್ಲೇ, ಈಗಿನ ತಮಿಳುನಾಡಿನಲ್ಲೇ, ಉಳಿಯಿತು. ಆದರೂ ಹಬ್ಬದ ದಿನ ಚಾಮರಾಜನಗರದ ಕಡೆಯ ಜನ ಗಡಿ ದಾಟಿ ಬರುತ್ತಾರೆ. ಈ ಹಬ್ಬವನ್ನು ಇನ್ನೊಂದು ಊರು ಕೇಳುವುದಿಲ್ಲ, ಕೇಳಿದರೂ ಕೊಡಲು ಬರುವುದಿಲ್ಲ. ದೇವರು ಅಲ್ಲಿದೆ, ಸಗಣಿ ಆ ಊರಿನ ದನಗಳದ್ದು. ಕೊಡವ ಹಾಕಿಯನ್ನು ನಾನು ತೂಗಿ ನೋಡುವುದು ಗುಮಟಾಪುರದ ಈ ಅನುಭವದಿಂದಲೇ. ಆತಿಥ್ಯ ಗಟ್ಟಿಯಾಗಿ ನಿಲ್ಲಬೇಕಾದರೆ ನಡೆಸುವವರ ಕೈಯ ಕೆಲಸ ಅದರಲ್ಲಿರಬೇಕು. ಗುಮಟಾಪುರದವರು ಸಗಣಿ ಹೊರುತ್ತಾರೆ, ಕೊಡವ ಕುಟುಂಬದವರು ವರ್ಷವಿಡೀ ಸಭೆ ಸೇರಿ, ಹಣ ಹೊಂದಿಸಿ, ಮೈದಾನ ಸಿದ್ಧ ಮಾಡಿ, ಬಂದವರನ್ನು ನೋಡಿಕೊಳ್ಳುತ್ತಾರೆ.

ಆ ಕೈಯ ಕೆಲಸ ತಪ್ಪಿದಾಗ ಏನಾಗುತ್ತದೆಂದು ಬೆಂಗಳೂರು ಕಂಡಿದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಐಪಿಎಲ್ ಕ್ರಿಕೆಟ್ ಗೆದ್ದ ಬೆಂಗಳೂರು ತಂಡದ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಇಂಥ ಭಾರಿ ಜನಸಂದಣಿಗೆ ಆ ಕ್ರೀಡಾಂಗಣ ತಕ್ಕದ್ದಲ್ಲ ಎಂದು ನ್ಯಾಯಮೂರ್ತಿ ಮೈಕಲ್ ಡಿ’ಕುನ್ಹಾ ಆಯೋಗ ಹೇಳಿತು. ಅಲ್ಲಿ ನಡೆಯಬೇಕಿದ್ದ ಮಹಾರಾಜ ಟ್ರೋಫಿ ಕ್ರಿಕೆಟ್ ಮೈಸೂರಿಗೆ ಹೋಯಿತು. ಮಹಿಳಾ ವಿಶ್ವಕಪ್‌ನ ಉದ್ಘಾಟನಾ ಪಂದ್ಯ ಗುವಾಹಟಿಗೆ, ಸೆಮಿಫೈನಲ್ಲೂ ಫೈನಲ್ಲೂ ನವಿ ಮುಂಬಯಿಗೆ ಹೋದವು. ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ಮೊದಲ ಬಾರಿಗೆ ವಿಶ್ವಕಪ್ ಗೆದ್ದದ್ದು ಬೆಂಗಳೂರಿನಲ್ಲಿ ಆಗಬಹುದಿತ್ತು. ಪಂದ್ಯಗಳನ್ನು ಉಳಿಸಿಕೊಳ್ಳಬೇಕು, ದೊಡ್ಡ ಸ್ಟೇಡಿಯಂ ಕಟ್ಟಬೇಕು ಎಂಬ ಮಾತು ಆಮೇಲೆ ಜೋರಾಯಿತು. ಗೇಟಿನ ಬಳಿ ನಿಂತ ಹುಡುಗ ಸಂಜೆ ಮನೆಗೆ ಮುಟ್ಟುತ್ತಾನೆ ಎಂಬ ಖಾತ್ರಿ ಕೊಡುವುದು ಆತಿಥೇಯರ ಮೊದಲ ಕೆಲಸ. ಅದನ್ನು ಮಾಡಿ ತೋರಿಸದೆ ಪಂದ್ಯ ಕೇಳುವ ಹಕ್ಕು ಯಾವ ನಗರಕ್ಕೂ ಇಲ್ಲ.

ಇಷ್ಟು ಹೊಗಳಿದ ಮೇಲೆ ಕೊಡವ ಹಾಕಿಯಲ್ಲಿ ನನಗೆ ಕಾಣುವ ಕುಂದುಗಳನ್ನೂ ಹೇಳಬೇಕು. ಕುಟುಂಬ ವರ್ಷವರ್ಷ ಬದಲಾದರೂ ಮೈದಾನ ಅಷ್ಟಾಗಿ ಬದಲಾಗುತ್ತಿಲ್ಲ. ಶುರುವಿನ ವರ್ಷಗಳಲ್ಲಿ ಪಂದ್ಯಾವಳಿ ಕರಡದಲ್ಲಿ, ಕಡಂಗದಲ್ಲಿ ನಡೆಯಿತು. 2017, 2018, 2023, 2024 ಈ ನಾಲ್ಕೂ ಪಂದ್ಯಾವಳಿಗಳು ನಾಪೋಕ್ಲುವಿನಲ್ಲೇ ಆದವು. ಕಾರಣ ಅರ್ಥವಾಗುತ್ತದೆ. ಸೋತವರು ಹೊರಗೆ ಎಂಬ ಲೆಕ್ಕದಲ್ಲಿ 396 ತಂಡಗಳಿಂದ ಒಂದನ್ನು ಆರಿಸಲು 395 ಪಂದ್ಯ ಬೇಕು. ಅಷ್ಟನ್ನು ಸುಮಾರು ಒಂದು ತಿಂಗಳಲ್ಲಿ ಮುಗಿಸಬೇಕಾದರೆ ಅಕ್ಕಪಕ್ಕದಲ್ಲೇ ಹಲವು ಅಂಕಣಗಳು ಬೇಕು. ಕರಡದಂಥ ಊರಿಗೆ ಈಗ ಅದು ಆಗದ ಮಾತು. ಹೀಗಾಗಿ ದಾಖಲೆಯ ಸಂಖ್ಯೆ ಬೆಳೆದಷ್ಟೂ ಆತಿಥ್ಯ ವಹಿಸಬಲ್ಲ ಊರುಗಳು ಕಡಿಮೆಯಾಗುತ್ತಿವೆ.

ಖರ್ಚಿನದೂ ಇದೇ ಕಥೆ. ಸರ್ಕಾರದ ಅನುದಾನ ಬರುತ್ತದೆ, ಪ್ರಾಯೋಜಕರು ಬರುತ್ತಾರೆ, ಗ್ಯಾಲರಿ ಏಳುತ್ತದೆ, ಗಣ್ಯರ ವೇದಿಕೆ ಉದ್ದವಾಗುತ್ತದೆ. ಒಂದು ಕುಟುಂಬ ಅದ್ದೂರಿಯಾಗಿ ಮಾಡಿದರೆ ಮುಂದಿನ ಕುಟುಂಬ ಅದಕ್ಕಿಂತ ಕಡಿಮೆ ಮಾಡಲು ಸಂಕೋಚ ಪಡುತ್ತದೆ, ನಮ್ಮ ಮದುವೆಮನೆಗಳಲ್ಲಿ ಆಗುವಂತೆಯೇ. ನಾಲ್ಕಾರು ಮನೆಗಳಷ್ಟೇ ಉಳಿದ, ಕಾಫಿ ತೋಟ ಕಡಿಮೆಯಿರುವ ಒಂದು ಒಕ್ಕ ಈ ಸರದಿಗೆ ಹೆಸರು ಕೊಡುವ ಧೈರ್ಯ ಮಾಡೀತೇ? ಮಾಡದಿದ್ದರೆ ಸರದಿ ಹೆಸರಿಗಷ್ಟೇ ಉಳಿಯುತ್ತದೆ. ಆಗ ಆತಿಥ್ಯ ಹಣವಿದ್ದವರ ನಡುವೆಯೇ ಸುತ್ತುತ್ತದೆ, ಬಿಡ್ಡಿಗೂ ಅದಕ್ಕೂ ಅಂತರ ತೀರ ತೆಳುವಾಗುತ್ತದೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. ಅದರಿಂದಾಗಿ 2019ರಲ್ಲಿ ಪಂದ್ಯಾವಳಿ ನಡೆಯಲಿಲ್ಲ, ಆಮೇಲಿನ ಮೂರು ವರ್ಷ ಕೋವಿಡ್‌ನಿಂದಾಗಿ ನಡೆಯಲಿಲ್ಲ. ಕುಟ್ಟಪ್ಪನವರು 2020ರಲ್ಲಿ ತೀರಿಕೊಂಡರು. ಇಷ್ಟೆಲ್ಲ ಆದ ಮೇಲೂ 2023ರಲ್ಲಿ 336 ಕುಟುಂಬಗಳು ಸ್ಟಿಕ್ ಹಿಡಿದು ಬಂದವು. ಹೊಣೆ ಹಲವು ಮನೆಗಳಲ್ಲಿ ಹಂಚಿಹೋಗಿದ್ದರಿಂದಲೇ ಅದು ಸಾಧ್ಯವಾಯಿತು ಎಂದು ನಾನು ನಂಬುತ್ತೇನೆ. ಆದ್ದರಿಂದ ಕೊಡವ ಹಾಕಿ ಅಕಾಡೆಮಿಯವರಲ್ಲಿ, ಮುಂದೆ ಹೆಸರು ಕೊಟ್ಟಿರುವ ಕುಟುಂಬಗಳವರಲ್ಲಿ ಒಂದು ಕೋರಿಕೆ: ಮೊದಲ ಸುತ್ತುಗಳನ್ನು ನಾಡು ನಾಡುಗಳ ಸಣ್ಣ ಮೈದಾನಗಳಿಗೆ ಹಂಚಿ, ಕೊನೆಯ ವಾರವನ್ನು ಮಾತ್ರ ಒಂದೆಡೆ ಇಡಿ, ಖರ್ಚಿಗೆ ಒಂದು ಮಿತಿ ಹಾಕಿಕೊಳ್ಳಿ. ತೀರ ಚಿಕ್ಕ ಒಕ್ಕವೂ ತನ್ನ ಹೆಸರಿನ ಕಪ್ ನಡೆಸಿ ಮುಂದಿನವರ ಕೈಗೆ ಕೊಡುವಂತಾಗಲಿ.